ಚಿಗರಿ ಉಳೀತು, ಎರ್ಲಡ್ಡು ಯಾಕೆ ಉಳೀಲಿಲ್ಲ?

ಹಲಗೇರಿ, ರಾಣೆಬೆನ್ನೂರು ಕಡೆಯವರಿಗೆ ಚಿಗರಿ, ಅಂದ್ರೆ ಕೃಷ್ಣಮೃಗ, ಹೊಸದೇನಲ್ಲ. ಆದ್ರೆ ಇದೇ ಬಯಲಲ್ಲಿ ಒಂದು ಕಾಲಕ್ಕೆ ಎರ್ಲಡ್ಡು ಹಕ್ಕಿನೂ ಇತ್ತು. ಇಂಗ್ಲಿಷಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಸುಮಾರು ಒಂದು ಮೀಟರ್ ಎತ್ತರ; ಗಂಡು ಹಕ್ಕಿ 15 ಕಿಲೋವರೆಗೂ ತೂಗುತ್ತೆ.

1974ರಲ್ಲಿ ರಾಣೆಬೆನ್ನೂರು ಅಭಯಾರಣ್ಯ ಘೋಷಣೆಯಾಯ್ತು. ವಿಸ್ತೀರ್ಣ 119 ಚದರ ಕಿಲೋಮೀಟರ್. ಎರಡೂ ಜೀವಿಗಳಿಗೆ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ರಕ್ಷಣೆ ಇದೆ. ಇವತ್ತು ಇಲ್ಲಿ ಚಿಗರಿಗಳು ಸಾವಿರಾರು. ಎರ್ಲಡ್ಡು ಕಣ್ಣಿಗೇ ಬೀಳಲ್ಲ. ಯಾಕೆ ಹೀಗಾಯ್ತು?

ಮೊದಲ ಕಾರಣ ನೀಲಗಿರಿ. ಹುಲ್ಲುಗಾವಲಿನ ದೊಡ್ಡ ಭಾಗದಲ್ಲಿ ನೀಲಗಿರಿ ನೆಡುತೋಪು ಬೆಳೆಸಲಾಯ್ತು. ಚಿಗರಿ ಇದಕ್ಕೂ ಹೊಂದಿಕೊಂಡಿತು: ಹಗಲು ತೋಪಿನ ಮರೆ, ಕತ್ತಲಾದ್ರೆ ಗೋವಿನಜೋಳದ ಹೊಲ. ಎರ್ಲಡ್ಡುಗೆ ಅದಾಗಲ್ಲ. ಅದಕ್ಕೆ ದೂರದವರೆಗೆ ಕಾಣೋ ಬಯಲು ಬೇಕು. ಮಿಡತೆ, ಕಾಳು ಸಿಗೋ ಹುಲ್ಲು ಬೇಕು.

ಎರಡನೇದು ಸಂತಾನ. ಚಿಗರಿ ಆರು ತಿಂಗಳಿಗೆ ಮರಿ ಹಾಕುತ್ತೆ. ಎರ್ಲಡ್ಡು ಇಡೋದು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಬರೀ ನೆಲದ ಮೇಲೆ. ನಾಯಿ ತಿಂದ್ರೂ ಅಷ್ಟೇ, ದನ ತುಳಿದ್ರೂ ಅಷ್ಟೇ, ಆ ವರ್ಷ ಮುಗೀತು. ಜೊತೆಗೆ ಬೇಟೆನೂ ಇತ್ತು.

ಉಳಿದ ಕಡೆ ಇದಕ್ಕೆ ಇನ್ನೊಂದು ಶತ್ರು ಕರೆಂಟ್ ತಂತಿ. ಕಣ್ಣು ತಲೆಯ ಅಕ್ಕಪಕ್ಕ ಇರೋದ್ರಿಂದ ಎದುರಿನ ತಂತಿ ಸರಿಯಾಗಿ ಕಾಣಲ್ಲ. ಭಾರದ ಮೈ, ತಟ್ಟನೆ ತಿರುಗೋಕೂ ಆಗಲ್ಲ. ಈಗ ದೇಶದ ಬಯಲುಗಳಲ್ಲಿ ಉಳಿದಿರೋದು 150ರ ಆಸುಪಾಸು, ಬಹುಪಾಲು ರಾಜಸ್ಥಾನದ ಜೈಸಲ್ಮೇರ್‌ನಲ್ಲಿ. ನಮ್ಮ ರಾಜ್ಯದಲ್ಲಿ ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು.

ಹಾಗಂತ ಚಿಗರಿ ಕಥೆ ಪೂರ್ತಿ ಸುಖಾಂತ ಅಲ್ಲ. ಬಿತ್ತಿದ ಮೊಳಕೆಯನ್ನೇ ಹಿಂಡು ಮೇಯ್ದು ಹೋದ್ರೆ ನಷ್ಟ ರೈತರದ್ದು. ಹುಲ್ಲುಗಾವಲು ಚೆನ್ನಾಗಿದ್ರೆ ಮೇವು ಅಲ್ಲೇ ಸಿಗುತ್ತೆ, ಹೊಲದ ಮೇಲಿನ ಒತ್ತಡವೂ ಕಡಿಮೆಯಾಗುತ್ತೆ.

ಅಂದ್ರೆ, ಬೇಲಿ ಹಾಕಿ ಬೋರ್ಡ್ ನೆಟ್ಟರೆ ಸಾಲದು. ಯಾವ ಜೀವಿಗೆ ಎಂಥ ನೆಲ ಬೇಕು ಅಂತ ಕೇಳಬೇಕು. ಗಿಡ ನೆಡೋದು ಒಳ್ಳೇದೇ, ಆದ್ರೆ ಎಲ್ಲಾ ಕಡೆ ಅಲ್ಲ. ನಾವು ಬೀಳು ಅಂತ ಕರೆಯೋ ಹುಲ್ಲುಬಯಲು ಯಾರದ್ದೋ ಮನೆ ಆಗಿರುತ್ತೆ.