ಕೃಷಿ ಅಂಕಿ-ಅಂಶಗಳು: ಸಮಾಜಕ್ಕೆ ಅವುಗಳ ಪ್ರಯೋಜನ

ನಗರಗಳಲ್ಲಿ ನೆಲೆಸಿದ್ದರೂ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಇಂದಿಗೂ ಒಂದಿಷ್ಟು ಜಮೀನು ಉಂಟು. ಈ ಸಲ ಬೆಳೆ ಹೇಗೆಂದು ವಿಚಾರಿಸಿದರೆ ‘ಎಂಟಾಣೆ ಬೆಳೆ’ ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇವೆ. ಇದು ಹಳೆಯ ಆಣೆವಾರಿ ಪದ್ಧತಿಯ ಮಾತು. ಪೂರ್ಣ ಬೆಳೆಯನ್ನು ಹದಿನಾರಾಣೆ ಎಂದು ಹಿಡಿದು, ಕಂದಾಯ ನೌಕರರು ಹೊಲವನ್ನು ಕಣ್ಣಳತೆಯಿಂದಲೇ ಅಂದಾಜು ಮಾಡುತ್ತಿದ್ದರು. ಇಂತಹ ಅಂದಾಜುಗಳನ್ನು ನೆಚ್ಚಿಕೊಂಡಿದ್ದುದರಿಂದ, 1943ರ ಬಂಗಾಳದ ಕ್ಷಾಮದ ಹೊತ್ತಿನಲ್ಲಿ ಅಕ್ಕಿಯ ದಾಸ್ತಾನಿನ ಬಗ್ಗೆ ನಂಬಲರ್ಹವಾದ ಲೆಕ್ಕವೇ ಸರ್ಕಾರದ ಬಳಿ ಇರಲಿಲ್ಲ.

ಅದೇ ದಶಕದಲ್ಲಿ ಪಿ.ವಿ. ಸುಖಾತ್ಮೆ, ವಿ.ಜಿ. ಪಾನ್ಸೆ ಮುಂತಾದ ಸಂಖ್ಯಾಶಾಸ್ತ್ರಜ್ಞರು ಬೆಳೆ ಕಟಾವು ಪ್ರಯೋಗವನ್ನು ಶಾಸ್ತ್ರೀಯವಾಗಿ ರೂಪಿಸಿದರು. ಇದರಲ್ಲಿ ಗ್ರಾಮ, ಹೊಲ ಮತ್ತು ಹೊಲದೊಳಗಿನ ತುಂಡು ಮೂರನ್ನೂ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಲಾಗುತ್ತದೆ. ಅನೇಕ ಬೆಳೆಗಳಿಗೆ ಈ ತುಂಡಿನ ಅಳತೆ 5 ಮೀಟರ್ ಉದ್ದ, 5 ಮೀಟರ್ ಅಗಲ. ಅಲ್ಲಿನ ಪೈರನ್ನು ಕೊಯ್ದು, ಒಕ್ಕಿ, ತೂಗುತ್ತಾರೆ. ಚೆನ್ನಾಗಿ ಬೆಳೆದ ಮೂಲೆಯನ್ನಾಗಲಿ, ಒಣಗಿದ ಮೂಲೆಯನ್ನಾಗಲಿ ಯಾರೂ ತಮ್ಮಿಷ್ಟದಂತೆ ಆರಿಸುವಂತಿಲ್ಲ. ಈ ಲೆಕ್ಕದ ವಿಶ್ವಾಸಾರ್ಹತೆ ನಿಂತಿರುವುದೇ ಇದರ ಮೇಲೆ.

ಸಂಶೋಧಕರಿಗೂ ಈ ಲೆಕ್ಕ ಅತ್ಯಗತ್ಯ. ಸಂಶೋಧನಾ ಕೇಂದ್ರದ ತಾಕಿನಲ್ಲಿ ಹುಲುಸಾಗಿ ಬೆಳೆದ ಹೊಸ ತಳಿಯಿಂದ ನಾಡಿನ ಇಳುವರಿ ನಿಜವಾಗಿಯೂ ಏರಿತೇ ಎಂಬುದು ತಿಳಿಯಬೇಕಾದರೆ ರೈತರ ಹೊಲಗಳ ಸರಾಸರಿ ಬೇಕು. 1970-71ರಿಂದ ನಡೆಯುತ್ತಿರುವ ಕೃಷಿ ಗಣತಿಯೂ ಇಷ್ಟೇ ಮುಖ್ಯ. ದೇಶದಲ್ಲಿ ಆಗ 2.28 ಹೆಕ್ಟೇರ್ ಇದ್ದ ಸರಾಸರಿ ಹಿಡುವಳಿ 2015-16ರಲ್ಲಿ 1.08 ಹೆಕ್ಟೇರಿಗೆ ಇಳಿದಿತ್ತು. ಯಂತ್ರವನ್ನಾಗಲಿ ಬೇಸಾಯ ಕ್ರಮವನ್ನಾಗಲಿ ರೂಪಿಸುವವರು ಇದನ್ನು ಮರೆಯುವಂತಿಲ್ಲ.

ಬ್ಯಾಂಕಿನ ಉದ್ಯೋಗದಲ್ಲಿರುವ ನಮಗೆ ಇದರ ಇನ್ನೊಂದು ಮುಖವೂ ಪರಿಚಿತ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಯ ಇಳುವರಿ ನಿಗದಿತ ಮಟ್ಟಕ್ಕಿಂತ ಕಡಿಮೆಯಾದರೆ ಪರಿಹಾರ ಸಲ್ಲುತ್ತದೆ. ಆ ಮಟ್ಟವನ್ನು ನಿಶ್ಚಯಿಸುವುದು ಹಿಂದಿನ 7 ವರ್ಷಗಳ ಪೈಕಿ ಉತ್ತಮವಾದ 5 ವರ್ಷಗಳ ಸರಾಸರಿಯ ಆಧಾರದ ಮೇಲೆ. ಪ್ರಮುಖ ಬೆಳೆಗೆ ಪಂಚಾಯಿತಿಯೊಂದಕ್ಕೆ ಕನಿಷ್ಠ 4 ಪ್ರಯೋಗಗಳು ನಡೆಯಬೇಕು. 25 ಚದರ ಮೀಟರಿನ ತುಂಡು ಹೆಕ್ಟೇರಿನ ನಾನೂರನೆಯ ಒಂದು ಭಾಗ; ಆದ್ದರಿಂದ ತಕ್ಕಡಿಯಲ್ಲಿ 100 ಗ್ರಾಂ ಹೆಚ್ಚುಕಡಿಮೆಯಾದರೆ ಆ ಪ್ರಯೋಗದ ಲೆಕ್ಕದಲ್ಲಿ ಹೆಕ್ಟೇರಿಗೆ 40 ಕಿಲೋ ವ್ಯತ್ಯಾಸವಾಗುತ್ತದೆ. ನೂರಾರು ಕುಟುಂಬಗಳ ಪರಿಹಾರ ಇಷ್ಟು ಸೂಕ್ಷ್ಮವಾದ ತೂಕವನ್ನು ಅವಲಂಬಿಸಿದೆ. 2023ರಿಂದ ಭತ್ತ ಮತ್ತು ಗೋಧಿಗೆ ಉಪಗ್ರಹ ಚಿತ್ರಗಳನ್ನು ಆಧರಿಸಿದ ಅಂದಾಜನ್ನೂ ಸೇರಿಸಲಾಗುತ್ತಿದೆಯಾದರೂ ಹೊಲದ ತೂಕಕ್ಕೆ ಅದು ಪೂರ್ಣ ಬದಲಿಯಲ್ಲ.

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಊರಿನ ನಮ್ಮ ಹೊಲವೋ ನೆರೆಯವರ ಹೊಲವೋ ಪ್ರಯೋಗಕ್ಕೆ ಆಯ್ಕೆಯಾದಾಗ, ಅಳತೆ ಮತ್ತು ತೂಕದ ವೇಳೆ ಮನೆಯವರು ಹಾಜರಿರುವಂತೆ ತಿಳಿಸೋಣ. ಗಣತಿಗೆ ಬಂದವರಿಗೆ ಸರಿಯಾದ ವಿವರ ಕೊಡುವಂತೆಯೂ ಹೇಳೋಣ.