ಮುಖವಾಡದ ಭಯ: ಅಲ್ಪ ಬಂಡವಾಳದ ಎರಡು ಚಿತ್ರಗಳು

ಮಾಟುಂಗವೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ಮೈಸೂರು ಅಸೋಸಿಯೇಷನ್. ಅದೇ ಬಡಾವಣೆಯಲ್ಲಿ ಬಹುಕಾಲ ನೆಲೆಸಿದ್ದ ಪೃಥ್ವಿರಾಜ್ ಕಪೂರರು ಹಿಂದಿಯ ಭಯಚಿತ್ರ ಪರಂಪರೆಯೊಂದಕ್ಕೆ ಪರೋಕ್ಷವಾಗಿ ಕಾರಣರಾದ ಸಂಗತಿ ಅಷ್ಟಾಗಿ ಪರಿಚಿತವಲ್ಲ. ರಾಮ್ಸೆ ಕುಟುಂಬದ ‘ಏಕ್ ನನ್ಹೀ ಮುನ್ನೀ ಲಡ್ಕೀ ಥೀ’ (1970) ಸೋತಿತು. ಆದರೆ ಮುಖವಾಡ ಧರಿಸಿದ ಕಪೂರರು ಕಳವಿಗೆ ಬರುವ ದೃಶ್ಯಕ್ಕೆ ಪ್ರೇಕ್ಷಕರು ಬೆಚ್ಚಿದುದನ್ನು ಸಹೋದರರು ಗಮನಿಸಿದರು. ಅದರ ಫಲವೇ ‘ದೋ ಗಜ್ ಜಮೀನ್ ಕೇ ನೀಚೇ’ (1972). ಸೆಟ್ ಹಾಕದೆ, ತಂಡವನ್ನೆಲ್ಲ ಮಹಾಬಳೇಶ್ವರಕ್ಕೆ ಕರೆದೊಯ್ದು, ಅಲ್ಲಿಯೇ ತಂಗಿ ಚಿತ್ರೀಕರಿಸಿದರು. ನಿರ್ದೇಶನ ತುಳಸಿ ಮತ್ತು ಶ್ಯಾಮರದು, ಛಾಯಾಗ್ರಹಣ ಗಂಗುವಿನದು: ಮನೆಮಂದಿಯೇ ತಂತ್ರಜ್ಞರು. ನಮ್ಮ ವೃತ್ತಿರಂಗಭೂಮಿಯ ಕುಟುಂಬಗಳನ್ನು ಬಲ್ಲವರಿಗೆ ಇದು ಹೊಸತೆನಿಸದು.

ಅಮೆರಿಕದ ‘ಫ್ರೈಡೇ ದ ಥರ್ಟೀಂತ್’ (1980) ಸಹ ಇದೇ ಜಾಡಿನದು. ನ್ಯೂಜೆರ್ಸಿಯ ನಿಜವಾದ ಬೇಸಿಗೆ ಶಿಬಿರವೊಂದರಲ್ಲಿ, ಸುಮಾರು 5.5 ಲಕ್ಷ ಡಾಲರುಗಳಲ್ಲಿ ಅದು ಸಿದ್ಧವಾಯಿತು. ಹಂತಕವ್ಯಕ್ತಿಯ ಮುಖ ಬಹುಪಾಲು ಕಾಣಿಸುವುದೇ ಇಲ್ಲ. ಕ್ಯಾಮೆರಾವೇ ಆ ವ್ಯಕ್ತಿಯ ಕಣ್ಣು. ಕಡೆಗೆ ಎದುರಾಗುವವಳು, ಸರೋವರದಲ್ಲಿ ಮಗನನ್ನು ಕಳೆದುಕೊಂಡೆನೆಂದು ಕುದಿಯುವ ತಾಯಿ. ಈ ಸರಣಿಯ ಪ್ರಸಿದ್ಧ ಹಾಕಿ ಮುಖವಾಡ ಬಂದುದು 1982ರ ಮೂರನೆಯ ಭಾಗದಲ್ಲಿ.

ಇಂಥವನ್ನು ಬರಿಯ ಬೀಭತ್ಸವೆಂದು ತಳ್ಳಿಹಾಕುವ ವಿಮರ್ಶೆ ಅವಸರದ್ದೆಂದು ನನ್ನ ಎಣಿಕೆ. ರಕ್ತ ಚಿಮ್ಮಿದಾಗ ಜುಗುಪ್ಸೆ ನಿಜ. ಆದರೆ ಅದಕ್ಕೆ ಮುನ್ನ, ಮರಗಳ ಮರೆಯಿಂದ ಯಾರೋ ನೋಡುತ್ತಿರುವಷ್ಟು ಹೊತ್ತೂ ಭಯವೇ ಸ್ಥಾಯಿ. ಅದನ್ನು ಉಂಟುಮಾಡಲು ಹೆಚ್ಚು ಹಣವೂ ಬೇಕಿರಲಿಲ್ಲ.