ಅಸಿವು, ಆಂಬ್ರೆ ಮತ್ತು ಬಾಯಿಗೆ ಬಾರದ ಹಕಾರ

ಕನಕಪುರ, ಮಾಗಡಿ ಕಡೆಯ ಹಳ್ಳಿಗಳಲ್ಲಿ ಮುದ್ದೆಗೆ ‘ಇಟ್ಟು’ ಅನ್ನುತ್ತಾರೆ. ಹಾಲು ಆಲಾಗುತ್ತದೆ, ಹಳ್ಳಿ ಅಳ್ಳಿಯಾಗುತ್ತದೆ, ಹಸಿವು ಅಸಿವಾಗುತ್ತದೆ. ಶಾಲೆಯಲ್ಲಿ ಇದಕ್ಕಾಗಿ ಬೈಸಿಕೊಳ್ಳದೆ ಬೆಳೆದವರು ಈ ಸೀಮೆಯಲ್ಲಿ ಕಡಿಮೆ. ಬೆಂಗಳೂರಿನ ಕಾಲೇಜಿಗೆ ಹೋದ ಮೇಲೂ ಎಷ್ಟೋ ಮಕ್ಕಳು ಬಾಯಿ ತೆರೆಯಲು ಹಿಂಜರಿಯುವುದು ಈ ಹಕಾರದ ಅಳುಕಿನಿಂದಲೇ. ಅದೇ ಮಕ್ಕಳು ಸ್ಪ್ಯಾನಿಷ್ ಕಲಿಯಲು ಕೂತರೆ ಮೊದಲ ಪಾಠ ಆಗಲೇ ಅವರ ನಾಲಿಗೆಯ ಮೇಲಿದೆ.

ಸ್ಪ್ಯಾನಿಷ್‌ನಲ್ಲಿ ಎಚ್ ಅಕ್ಷರವನ್ನು ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಹಿಟ್ಟಿಗೆ ಅರೀನಾ, ಹಸಿವಿಗೆ ಆಂಬ್ರೆ. ಬರಹದಲ್ಲಿ ಎರಡರ ಮೊದಲಲ್ಲೂ ಎಚ್ ಇದೆ. ಲ್ಯಾಟಿನ್‌ನಲ್ಲಿ ಇವೇ ಫರೀನಾ, ಫಾಮೆಸ್. ಫಕಾರ ಸವೆದು ಹಕಾರವಾಯಿತು, ಆಮೇಲೆ ಹಕಾರವೂ ಸವೆದುಹೋಯಿತು. ನಮ್ಮಲ್ಲಿ ಹಳಗನ್ನಡದ ಪಾಲು, ಪಸಿವು ಮುಂದೆ ಹಾಲು, ಹಸಿವು ಆಗಿ, ಹಳ್ಳಿಯ ಬಾಯಲ್ಲಿ ಆಲು, ಅಸಿವು ಆದವು. ಒಂದಕ್ಕೊಂದು ನಂಟಿಲ್ಲದ ಎರಡು ಭಾಷೆಗಳು ಹೆಚ್ಚುಕಡಿಮೆ ಒಂದೇ ದಾರಿ ತುಳಿದಿವೆ. ಅಲ್ಲಿ ಅದು ಶಿಷ್ಟ ನುಡಿ, ಇಲ್ಲಿ ತಪ್ಪು. ಈ ಅನ್ಯಾಯ ನನ್ನನ್ನು ಬಹಳ ಕಾಡುತ್ತದೆ.

ನಮ್ಮ ಕೈಗೆ ಸಿಗುವ ಸ್ಪ್ಯಾನಿಷ್ ಪಾಠಗಳು ಬಹುತೇಕ ಇಂಗ್ಲಿಷ್ ಬಲ್ಲವರಿಗಾಗಿ ಬರೆದವು. ಅವರಿಗೆ ತೊಡಕಾದದ್ದು ನಮಗೂ ತೊಡಕೆಂದು ನಂಬಿ ಓದುತ್ತೇವೆ. ‘ಮೆ ಗುಸ್ತಾ’ ಎಂಬ ಮಾತು ಇಂಗ್ಲಿಷಿನವರಿಗೆ ತಲೆಕೆಳಗಾಗಿ ಕಾಣುತ್ತದೆ, ಏಕೆಂದರೆ ಅಲ್ಲಿ ಇಷ್ಟಪಡುವವನೇ ಕರ್ತೃ. ಕನ್ನಡಿಗರಿಗೆ ಅದು ‘ನನಗೆ ಇಷ್ಟ’, ಅಷ್ಟೇ. ‘ಮೆ ದುಎಲೆ ಲಾ ಕಬೇಸಾ’ ಎಂದರೆ ನನಗೆ ತಲೆ ನೋಯುತ್ತದೆ. ತೂ ಎಂದರೆ ನೀನು, ಉಸ್ತೆದ್ ಎಂದರೆ ನೀವು. ‘ಬಂದೆನು’ ಅಂದರೆ ಬಂದವರು ಯಾರೆಂದು ನಮಗೆ ತಿಳಿಯುವ ಹಾಗೆ, ಅವರಿಗೆ ‘ಬೀನೆ’ ಅಂದರೆ ಸಾಕು.

ಪದಗಳನ್ನು ಇಲ್ಲಿನ ಕಸುಬಿನಿಂದಲೇ ಶುರುಮಾಡಬಹುದು. ರಾಮನಗರದ ಗೂಡಿನ ಮಾರುಕಟ್ಟೆ ಕಂಡವರಿಗೆ ರೇಷ್ಮೆ ಸೇದಾ, ನೂಲು ಈಲೊ, ಎಲೆ ಓಹಾ. ಕೊನೆಯ ಎರಡರಲ್ಲೂ ಅದೇ ಮೌನ ಎಚ್. ಓಹಾದೊಳಗೆ ಕೇಳುವ ಗಂಟಲ ಹಕಾರ ಅವರ ಜೆ ಅಕ್ಷರದ್ದು. ಗೂಡಿಗೆ ಕಪೂಯೊ, ಹೂವಿನ ಮೊಗ್ಗಿಗೂ ಅದೇ ಹೆಸರು. ಸ್ಪೇನಿನ ವಲೆನ್ಸಿಯಾ ನಗರದಲ್ಲಿ 1482ರಲ್ಲಿ ಕಟ್ಟಲು ತೊಡಗಿದ ರೇಷ್ಮೆ ವ್ಯಾಪಾರದ ಭವನ ಇಂದಿಗೂ ನಿಂತಿದೆ. 1996ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಚನ್ನಪಟ್ಟಣದ ಗೊಂಬೆ ಮುಞೇಕಾ. ಅವರು ಆ ನಡುವಿನ ಉಲಿಗೆಂದೇ ನಕಾರದ ನೆತ್ತಿಗೆ ಗೆರೆ ಎಳೆಯುತ್ತಾರೆ, ನಮ್ಮ ವರ್ಣಮಾಲೆಯಲ್ಲಿ ಞ ಮೊದಲೇ ಇದೆ. ಆಲೆ ಮರದ ಗೊಂಬೆಗೆ ಬಣ್ಣವಾಗುವ ಅರಗು ಅಲ್ಲಿ ಲಾಕಾ. ಪಾಂಡವರ ಅರಗಿನ ಮನೆಗೆ ಲಾಕ್ಷಾಗೃಹ ಎಂಬ ಹೆಸರು ತಂದ ಅದೇ ಲಾಕ್ಷಾ, ಪರ್ಷಿಯನ್ನರ, ಅರಬರ ಬಾಯಿ ದಾಟಿ ಸ್ಪೇನ್ ಸೇರಿದೆ.

ಕಷ್ಟ ಇಲ್ಲವೆಂದಲ್ಲ. ನಮಗೆ ನೂಲೂ ಎಲೆಯೂ ‘ಅದು’. ಅವರಿಗೆ ನೂಲು ಗಂಡು, ಎಲೆ ಹೆಣ್ಣು, ರೇಷ್ಮೆಯೂ ಹೆಣ್ಣು. ತರ್ಕ ಹುಡುಕದೆ ‘ಎಲ್ ಈಲೊ’, ‘ಲಾ ಓಹಾ’, ‘ಲಾ ಸೇದಾ’ ಎಂದು ಜೋಡಿಯಾಗಿಯೇ ಬಾಯಿಪಾಠ ಮಾಡಬೇಕು, ಮಗ್ಗಿಯ ಹಾಗೆ.

ಇವತ್ತು ರಾತ್ರಿ ಇಟ್ಟಿಗೆ ಕೈ ಹಾಕುವ ಮುಂಚೆ ‘ತೆಂಗೊ ಆಂಬ್ರೆ’ ಅಂದು ನೋಡಿ: ನನಗೆ ಅಸಿವಾಗಿದೆ. ಅದರಲ್ಲಿ ಹಕಾರ ಎಲ್ಲಿ ಎಂದು ಸ್ಪೇನಿನ ಯಾವ ಮೇಷ್ಟರೂ ಕೇಳುವುದಿಲ್ಲ.